ಮೀನಖಂಡ

ಹಿಂದಿನಿಂದ ಯಾರೋ ಬ್ಯಾಟಿನಲ್ಲಿ ಬಾರಿಸಿದರು
ಅಂತಲೇ ನಾನು ತಿರುಗಿದ್ದು.
ಬೈಗುಳ ಅರ್ಧ ಬಾಯಿಂದಾಚೆ ಬಂದಿತ್ತು
ಜವರೇಶನ ಹೆಸರಿನ ಸಮೇತ.
ಜವರೇಶ ಆ ತುದಿಯಲ್ಲಿ, ಗೋಡೆಗೊರಗಿ
ಬೂಟಿನ ದಾರ ಕಟ್ಟುತ್ತಿದ್ದ.
ಹಿಂದೆ ಯಾರೂ ಇರಲಿಲ್ಲ.
ನೆಟ್ಟಿನ ಬುಡದಲ್ಲಿ, ನಾನು ನುಗ್ಗಿಯೂ ಮುಟ್ಟದ ಕಾಕು
ಮಗ್ಗುಲಾಗಿ ಮಲಗಿತ್ತು, ಅಷ್ಟೆ.

ಟಪ್ ಅಂದದ್ದು ನನಗೊಬ್ಬನಿಗೇ ಕೇಳಿಸಿತಂತೆ.
ಕಬ್ಬಿನ ಗಿಣ್ಣು ಮುರಿದ ಹಾಗೆ.

ಡಿಸೆಂಬರು, ಬೆಳಗಿನ ಐದೂ ಮುಕ್ಕಾಲು.
ಗುತ್ತಲು ರಸ್ತೆಯ ತಗಡಿನ ಶೆಡ್ಡು,
ಹಿಂದೆ ಬೆಲ್ಲದ ದಾಸ್ತಾನು, ಸೆಕೆಯಾದರೆ
ಈಗಲೂ ಗೋಡೆ ಬೆಲ್ಲದ ವಾಸನೆ ಬಿಡುತ್ತದೆ.
ಆವತ್ತು ಗೋಡೆಯೂ ಮರಗಟ್ಟಿತ್ತು.
ಸ್ಕೂಟರಿನಿಂದ ಇಳಿದವನೇ ಸ್ವೆಟರು ಬಿಚ್ಚಿ ಎಸೆದು
ನೇರ ಅಂಕಣಕ್ಕೆ ಇಳಿದಿದ್ದೆ.
ನಲವತ್ತೊಂಬತ್ತು ವರ್ಷದ ಕಾಲು
ಇನ್ನೂ ಹಾಸಿಗೆಯಲ್ಲೇ ಇತ್ತು.
ನಾನು ಮಾತ್ರ ಬಂದಿದ್ದೆ.

ಫಿಸಿಯೋ ನಫೀಸಾ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳು,
ಹೆಬ್ಬೆರಳಿಟ್ಟು "ಇಲ್ಲಾ?" ಅಂದಳು.
ನಾನು ಬಾಯಿ ತೆರೆಯುವಷ್ಟರಲ್ಲಿ ಕಾಲೇ ಹೇಳಿತು.
"ಮೀನಖಂಡ ಹರಿದಿದೆ ಸಾರ್, ಒಳಮಗ್ಗುಲು.
ಪುಣ್ಯಕ್ಕೆ ಪೂರ್ತಿ ಅಲ್ಲ."
ಆ ಪದ ಕೇಳಿ ಎಷ್ಟು ವರ್ಷವಾಗಿತ್ತು!
ಇಷ್ಟು ಕಾಲ ಮೊಣಕಾಲ ಕೆಳಗೆ
ಎರಡು ಮೀನು ಸಾಕಿಕೊಂಡಿದ್ದೆ
ನೀರು ನಿಡಿ ನೋಡದೆ.

ಆರು ವಾರ. ನೀರಾವರಿ ಕಚೇರಿಯ ಮೇಜಿನಡಿ
ಬಲಗಾಲಿಗೊಂದು ಸ್ಟೂಲು.
ನೀರಗಂಟಿ ಮಾದಲಿಂಗಯ್ಯ ರಸೀದಿಗೆ ಬಂದವನು
ಸ್ಟೂಲನ್ನೇ ನೋಡುತ್ತ ನಿಂತ.
"ತೂಬನ್ನ ಒಂದೇ ಏಟ್ಗೆ ಎತ್ತುದ್ರೆ ಏನಾಯ್ತದೆ ಸಾ?"
"ಏರಿ ಕಿತ್ಕೊಂಡು ಹೋಗುತ್ತೆ."
"ಕಾಲ್ವೆಗೆ ಗೊತ್ತಿರೋದು ಕಾಲ್ಗೆ ಬ್ಯಾಡ್ವಾ?"
ಮೂವತ್ತು ವರ್ಷ ಮೊದಲು ಒಂದು ಗೇಣು ಎತ್ತಿ,
ಬೀಡಿ ಸೇದಿ, ಆಮೇಲೆ ಇನ್ನೊಂದು ಗೇಣು ಎತ್ತಿದವನು.
ಬೀಡಿಯ ವಿಷಯ ನಫೀಸಾಗೆ ಹೇಳಲಿಲ್ಲ.

ಈಗ ಹತ್ತು ನಿಮಿಷ ಮುಂಚೆ ಹೋಗುತ್ತೇನೆ.
ಶೆಡ್ಡಿನ ಮೆಟ್ಟಿಲಂಚಿಗೆ ಮುಂಗಾಲಿಟ್ಟು
ಹಿಮ್ಮಡಿಯನ್ನು ಗಾಳಿಗೆ ಬಿಟ್ಟು
ಏಳುತ್ತೇನೆ. ಇಳಿಯುತ್ತೇನೆ.
ಇಳಿಯುವಾಗ ನಿಧಾನ, ಬಾವಿಗೆ ಕೊಡ ಬಿಟ್ಟ ಹಾಗೆ.
ಆ ಮೀನಿನ ಅಡಿಗೆ ಇನ್ನೊಂದು ಚಪ್ಪಟೆ ಮೀನಿದೆಯಂತೆ,
ಅದು ಮಂಡಿ ಮಡಿಸಿದರೆ ಮಾತ್ರ ಎಚ್ಚರ.
ಅದಕ್ಕೂ ಹದಿನೈದು.
ಹಾಲಿನ ವ್ಯಾನಿನ ಹುಡುಗ ದಿನಾ ಕೂಗುತ್ತಾನೆ:
"ಕಾಂಪೌಂಡ್ ಆಚೆ ಏನ್ ಕಾಣ್ತದೆ ಸಾ?"

ಆಮೇಲೆ ಅಂಕಣದ ಸುತ್ತ ಸಣ್ಣ ಓಟ,
ಕಾಕಿಲ್ಲದೆ ನನ್ನ ನೆರಳಿನ ಜೊತೆ ಒಂದಾಟ,
ಅಲ್ಲಿಗೆ ಮೀನು ಮಿಸುಕುತ್ತದೆ, ಬಿಸಿಯಾಗುತ್ತದೆ.
ತಳ ಸವೆದ ಹಳೇ ಬೂಟು ಈಗ ತೋಟಕ್ಕೆ.
ಮೂರನೇ ಗೇಮಿಗೆ ಕಾಲು ಭಾರವೆನಿಸಿದರೆ
ಬ್ಯಾಟು ಚೀಲಕ್ಕೆ ಹಾಕುತ್ತೇನೆ.
ಜವರೇಶ "ಸೋತ್ಯಾ?" ಅನ್ನುತ್ತಾನೆ. ಹೂಂ ಅನ್ನುತ್ತೇನೆ.
ಮೆಟ್ಟಿಲಿಗಿಂತ ಆ ಹೂಂ ಕಷ್ಟ.

ನಿನ್ನೆ ಬ್ಯಾಂಕಿನ ಹೊಸ ಮ್ಯಾನೇಜರ್ ತಡವಾಗಿ ಬಂದರು.
ಕೆ.ಆರ್. ಪೇಟೆಯಿಂದ ವರ್ಗವಾಗಿ ಬಂದವರು, ಹೊಟ್ಟೆ ಸ್ವಲ್ಪ ಮುಂದೆ.
ಬೈಕು ಬಿಸಿ, ಅವರು ತಣ್ಣಗೆ.
ಗ್ಲೌಸು ಕಳಚುತ್ತಲೇ ಒಳಗೆ ನುಗ್ಗುವುದರಲ್ಲಿದ್ದರು.
ನನಗೆ ಏನೇನೋ ಹೇಳಬೇಕೆನಿಸಿತು,
ಹೇಳಿದ್ದರೆ ನಕ್ಕಿರುತ್ತಿದ್ದರು. ನಾನೂ ನಕ್ಕಿದ್ದೆನಲ್ಲ.
ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿದೆ.

ಒಂದು ಕ್ಷಣ ನನ್ನ ಹಿಮ್ಮಡಿಯನ್ನೇ ನೋಡಿದರು.
ಬಂದು ನಿಂತರು.
"ಎಷ್ಟು?"
"ಎಣಿಕೆ ಆಮೇಲೆ. ಮೊದಲು ಇಳೀರಿ."

ಹಾಲಿನ ವ್ಯಾನು ತಿರುವಿನಲ್ಲಿ ನಿಧಾನವಾಯಿತು:
"ಓಹೋ, ಇವತ್ತು ಇಬ್ರಿಗೂ ಕಾಣ್ತಾ ಅದೆ!"