ಮೂರನೇ ದಿಂಬು

ಕುತಾಯಿಸಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಶನಿವಾರ ಪಾಠ.
ನರ್ಸುಗಳು ಹದಿನಾಲ್ಕು ಜನ, ಬಣ್ಣ ಹಚ್ಚದ ತಲೆ ಒಂದೂ ಇಲ್ಲ.
ಬೆಂಚಿನಡಿ ಯಾರ ಮೊಣಕಾಲೂ ಹಿಡಿಸುವುದಿಲ್ಲ.
ಇರುವ ಒಂದೇ ಹೀಟರಿನ ಪಕ್ಕ ಲಮಾರಾ,
ಮೊದಲು ಬಂದವಳ ಹಕ್ಕು ಅದು.

ಡಾಕ್ಟರ್ ಬೆಕಾ ನನ್ನ ಮಗನಿಗಿಂತ ಎರಡು ವರ್ಷ ಚಿಕ್ಕವನು.
ಪ್ಲಾಸ್ಟಿಕ್ಕಿನ ಹೃದಯವನ್ನು ದಾಳಿಂಬೆಯ ಹಾಗೆ ಬಿಡಿಸಿ
ಮೇಜಿನ ಮೇಲಿಡುತ್ತಾನೆ: ಇದು ಬಲ, ಇದು ಎಡ.
ಗೊತ್ತು ಮಗಾ, ಅನ್ನುತ್ತೇನೆ ಒಳಗೊಳಗೇ.
ಇಪ್ಪತ್ತೊಂಬತ್ತು ವರ್ಷ ಮೂರು ಬೆರಳಲ್ಲಿ ಎಣಿಸಿದ್ದೇನೆ ಅದನ್ನು,
ಕರೆಂಟಿಲ್ಲದ ಚಳಿಗಾಲಗಳಲ್ಲಿ,
ಗಡಿಯಾರ ನಿಂತಾಗ ಬಾಯಲ್ಲೇ ಸೆಕೆಂಡು ಹೇಳಿಕೊಂಡು.

ಆದರೆ ಯಾಕೆ ಅನ್ನುವುದು ಗೊತ್ತಿರಲಿಲ್ಲ.
ನಮಗಿದ್ದದ್ದು ಬೂದು ರಟ್ಟಿನ ರಷ್ಯನ್ ಪುಸ್ತಕ;
ಹೃದಯದ ಅಧ್ಯಾಯ ಬರುವ ಹೊತ್ತಿಗೆ
ದೇಶವೇ ಕಳಚಿ ಬಿತ್ತು.
ಪರೀಕ್ಷೆ ನಡೆಯಿತು ಮೇಣದಬತ್ತಿಯಲ್ಲಿ,
ಆ ಅಧ್ಯಾಯ ಬಿಟ್ಟು.

ಬೆಕಾ ಬೋರ್ಡಿನ ಮೇಲೆ ಬಾಣ ಎಳೆಯುತ್ತಾನೆ.
ಹಗಲೆಲ್ಲ ಕಾಲಲ್ಲಿ ತಂಗಿದ ನೀರು
ಮಲಗಿದೊಡನೆ ಎದ್ದು ಎದೆಗೆ ನಡೆದು ಬರುತ್ತದೆ,
ಬಳಲಿದ ಹೃದಯ ಅದನ್ನು ದಾಟಿಸಲಾರದೆ ನಿಲ್ಲುತ್ತದೆ,
ಪುಪ್ಪುಸದ ಮನೆಮನೆಗೂ ನೀರು ನುಗ್ಗುತ್ತದೆ.
ರೋಗಿಗೆ ಎಷ್ಟು ದಿಂಬು ಬೇಕೆಂದು ಕೇಳಿ, ಅನ್ನುತ್ತಾನೆ,
ಅದೂ ಒಂದು ಅಳತೆ.

ಉಶಾಂಗಿ.
ದ್ರಾಕ್ಷಾರಸಕ್ಕೆ ಹರವಿ ಮಾಡುತ್ತಿದ್ದ ಮುದುಕ,
ಉಗುರ ಸಂದಿಯ ಮಣ್ಣು ನಾನೆಷ್ಟು ಉಜ್ಜಿದರೂ ಹೋಗಲಿಲ್ಲ.
ರಾತ್ರಿ ಎರಡಕ್ಕೆ, "ನಾಜೀ, ಇನ್ನೊಂದು ದಿಂಬು.
ಮಲಗಿದರೆ ಮುಳುಗುತ್ತೇನೆ."
ಕೊಟ್ಟೆ, ಮೂರನೆಯದು, ನನ್ನ ಕುರ್ಚಿಯದೇ.
ನೀರು ಕೇಳಿದ. ಅದನ್ನೂ ಕೊಟ್ಟೆ.
ಎರಡು ಲೋಟ. ಇಲ್ಲ, ಮೂರು.
ಕಿಟಕಿಯಾಚೆ ರಿಯೋನಿ
ಹಿಮ ಕರಗಿದ ಸೊಕ್ಕಿನಲ್ಲಿ ಹರಿಯುತ್ತಿತ್ತು.
ಬೆಳಗಾಗುವಷ್ಟರಲ್ಲಿ ದಿಂಬುಗಳು ನನಗೆ ವಾಪಸು ಬಂದವು.

ಕೈಯೆತ್ತಿ ಕೇಳಿಯೇಬಿಟ್ಟೆ.
ಬೆಕಾ ಚಾಕ್ ಕೆಳಗಿಟ್ಟ.
"ಮೂರು ಲೋಟ ಯಾರನ್ನೂ ಕೊಲ್ಲುವುದಿಲ್ಲ ಅಮ್ಮಾ."
ಅದು ಪಾಠವೋ ಮರ್ಯಾದೆಯೋ ತಿಳಿಯಲಿಲ್ಲ.

ಆಮೇಲೆ ಮೂತ್ರಪಿಂಡದ ಕಥೆ ಹೇಳಿದ.
ಹೃದಯ ಸೋತಾಗ ರಕ್ತ ಅದಕ್ಕೆ ತೆಳ್ಳಗೆ ತಲುಪುತ್ತದೆ,
ಪಾಪ, ಅದೇನು ಕಂಡಿದೆ!
ಬರಗಾಲ ಬಂತೆಂದು ಬೆದರಿ
ಹನಿ ಹನಿ ನೀರು ಕೂಡಿಡುತ್ತದೆ, ಉಪ್ಪು ಹಿಡಿದಿಡುತ್ತದೆ,
ನಾಳಗಳೆಲ್ಲ ಹಲ್ಲು ಕಚ್ಚಿ ಬಿಗಿಯುತ್ತವೆ.
ಎಲ್ಲವೂ ಹೃದಯಕ್ಕೆ ಹೆಗಲು ಕೊಡಲೆಂದೇ.
ಆ ಹೆಗಲಿನ ಭಾರಕ್ಕೇ ಅದು ಕುಸಿಯುತ್ತದೆ.

ನಮ್ಮಲ್ಲೊಂದು ಮಾತಿದೆ, ಗೆನಾತ್ಸ್ವಾಲೆ.
ನಿನ್ನ ಬದಲು ನಾನಾಗಲಿ ಎಂದು ಅರ್ಥ.
ಸೂಜಿ ಚುಚ್ಚುವಾಗ ಅನ್ನುತ್ತೇವೆ, ಗಾಯ ಒರೆಸುವಾಗ,
ಸಂತೆಯಲ್ಲಿ ಚೀಸಿನ ಬೆಲೆ ಇಳಿಸುವಾಗಲೂ.
ಮೂತ್ರಪಿಂಡಕ್ಕೂ ಆ ಮಾತು ಬರುತ್ತದೆಂದು
ಐವತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು.

ಬೆಂಚಿನಡಿ ಸುಮ್ಮನೆ ಕೈ ಇಳಿಬಿಟ್ಟೆ.
ಸಾಕ್ಸ್ ಸರಿಸಿ, ಮೊಳಕಾಲಿನ ಎಲುಬಿನ ಮೇಲೆ
ಹೆಬ್ಬೆರಳು ಒತ್ತಿ, ತೆಗೆದೆ.
ಕುಳಿ ಉಳಿಯಿತು. ಹಸಿ ಹಿಟ್ಟಿನಲ್ಲಿ ಉಳಿಯುತ್ತದಲ್ಲ, ಹಾಗೆ.
ಬಾಯಲ್ಲೇ ಸೆಕೆಂಡು ಎಣಿಸಿದೆ, ಹಳೇ ಅಭ್ಯಾಸ.
ಹದಿನೆಂಟು. ಹತ್ತೊಂಬತ್ತು.
ದಿನಕ್ಕೆ ಎರಡು ಪಾಳಿ ನಿಂತ ಕಾಲು, ಅಷ್ಟೇ ಇರಬೇಕು.
ಬೋರ್ಡು ನೋಡಿದೆ. ಬಾಣಗಳು ಅಲ್ಲೇ ಇದ್ದವು.
ಮನೆಯಲ್ಲಿ ಎಷ್ಟು ದಿಂಬು ಇಟ್ಟು ಮಲಗುತ್ತೇನೆಂದು
ನೆನಪು ಮಾಡಿಕೊಳ್ಳಲು ಹೊರಟು, ಬಿಟ್ಟುಬಿಟ್ಟೆ.

ಲಮಾರಾ ನೋಡಿಬಿಟ್ಟಿದ್ದಳು. ಅವಳ ಕಣ್ಣಿಗೆ ಏನು ತಪ್ಪುತ್ತದೆ?
ಹೀಟರ್ ಬಿಟ್ಟೆದ್ದು ಬಂದು ಪಕ್ಕ ತೂರಿಕೊಂಡಳು,
ಕಿವಿಯಲ್ಲಿ ಆಲೂಬುಖಾರಾ ಚಟ್ನಿಯ ವಾಸನೆಯ ಉಸಿರು:
"ಸೋಮವಾರದ ನೈಟ್ ನಾನು ಮಾಡ್ತೀನಿ, ಗೆನಾತ್ಸ್ವಾಲೆ.
ಮಂಗಳವಾರದ್ದೂ."

ಬೇಡ ಅನ್ನಲು ಬಾಯಿ ತೆರೆದು
ಅವಳ ಕಾಲಿನತ್ತ ಬಗ್ಗಿದೆ.
ಸಾಕ್ಸಿನ ಎಲಾಸ್ಟಿಕ್ ಅಲ್ಲೂ
ಆಳದ ಗೆರೆ ಕೊರೆದಿತ್ತು.