ಹತ್ತು ತೇತ್ರಿ

ವಿಲ್ನಿಯಸ್ಸಿನಲ್ಲಿ ನಲವತ್ತೊಂದು ಜನ.
ಎಣಿಸಿದವನು ನಾನೇ. ಬೇಸ್ ಗಿಟಾರಿನವನಿಗೆ
ನಾಲ್ಕೇ ತಂತಿ, ಬೇಕಾದಷ್ಟು ಬಿಡುವು.
ಅದರಲ್ಲಿಬ್ಬರು ಲೋಟ ತೊಳೆಯುವವರು,
ಒಬ್ಬ ಮಳೆಗೆ ಹೆದರಿ ಒಳಬಂದವನು.

ಗಡಿಯಲ್ಲಿ ಕೇಳಿದ್ದರು ತೇಕ್ಲೆಯನ್ನು: ಏನು ಕೆಲಸ?
ಹಾಡು ಕಟ್ಟುತ್ತೇನೆ, ಹಾಡುತ್ತೇನೆ.
ಅದಿರಲಿ, ಕೆಲಸ?
ಠಸ್ಸೆ ಬೀಳುವ ತನಕ ಅವಳು ಉಸಿರು ಬಿಡಲಿಲ್ಲ.

ಊರಿನಲ್ಲಿ ಅವಳ ಆ ಹಾಡು ಬಂದರೆ
ಟ್ಯಾಕ್ಸಿಯವರು ರೇಡಿಯೋ ದನಿ ಏರಿಸುತ್ತಾರೆ,
ಮದುವೆಯ ಮೇಜಿನಲ್ಲಿ ಹಿರಿಯರು ಲೋಟ ಕೆಳಗಿಡುತ್ತಾರೆ.
ಇಲ್ಲಿ ಮೊದಲು ಅರ್ಥ ಹೇಳಬೇಕು:
"ನಮ್ಮ ಟಿಬಿಲಿಸಿಯ ಹಳೇ ಕಟ್ಟಡಗಳಲ್ಲಿ
ಲಿಫ್ಟಿಗೆ ಕಾಸು ಹಾಕಬೇಕು. ಹತ್ತು ತೇತ್ರಿ.
ನಮ್ಮದು ಹನ್ನೊಂದನೇ ಮಹಡಿ.
ಕಾಸಿಲ್ಲದ ದಿನ, ಮೆಟ್ಟಿಲು."
ನಕ್ಕರು. ತಮಾಷೆ ಅಂದುಕೊಂಡರು.

ವ್ರೋತ್ಸ್ವಾಫ್‌ನಲ್ಲಿ ಅರ್ಥ ಇನ್ನಷ್ಟು ಬೆಳೆಯಿತು:
ಅಜ್ಜಿಯ ಉಪ್ಪಿನಕಾಯಿ ಭರಣಿ, ಅದರ ತುಂಬ ಚಿಲ್ಲರೆ,
ಕಾಸಿಗೆ ತೂತು ಕೊರೆದು ದಾರ ಕಟ್ಟಿ
ಲಿಫ್ಟಿಗೇ ಟೋಪಿ ಹಾಕಿದ ಪಕ್ಕದ ಮನೆ ಹುಡುಗ.
ಲೈಪ್‌ಝಿಗ್‌ನಲ್ಲಿ ಆ ಹುಡುಗ ಸೈನ್ಯ ಸೇರಿ ತೀರಿಕೊಂಡ.
(ತೀರಿಕೊಂಡಿಲ್ಲ. ಡ್ರಮ್ಮಿನ ಹಿಂದೆ ಕೂತು
ಆಕಳಿಸುತ್ತಿದ್ದ, ವಾಖ್ತಾಂಗ್.)
ರಾಟರ್‌ಡ್ಯಾಮಿನಲ್ಲಿ ಏನೂ ಹೇಳಲಿಲ್ಲ.
ಯಾರೂ ಕೇಳಲೂ ಇಲ್ಲ.
ರಾತ್ರಿ ವ್ಯಾನಿನಲ್ಲಿ, ಮುಚ್ಚದ ಕಿಟಕಿಗೆ ಟವೆಲ್ಲು ತುರುಕುತ್ತ,
"ಮೂರು ನಿಮಿಷದ ಕೂಸಿಗೆ
ನಾಲ್ಕು ನಿಮಿಷದ ಜಾತಕ" ಎಂದಳು.

ನನ್ನ ಲೆಕ್ಕದ ಪುಸ್ತಕದಲ್ಲಿ: ಡೀಸೆಲ್ಲು, ಸುಂಕ, ಗಂಟಲಿಗೆ ಜೇನು,
ಮಾರಿದ ಅಂಗಿ ಏಳು, ಅದರಲ್ಲೊಂದು ವಾಪಸ್ಸು.

ಸರದಿಯಲ್ಲಿ ಕೊನೆಯ ಊರು ಬಾರಿ.
ಗುರುವಾರ. ಸಂಜೆ ಐದಕ್ಕೇ ಬಾಗಿಲ ಮುಂದೆ
ಅರವತ್ತರ ಆಚೀಚೆಯ ಹೆಂಗಸರು, ನಮ್ಮವರು,
ಕಂಕುಳಲ್ಲಿ ಕೈಚೀಲ, ಬಟ್ಟೆಯಲ್ಲಿ ಸುತ್ತಿದ ಕಾಳಿನ ರೊಟ್ಟಿ.
ಮುಂದಿದ್ದಾಕೆ ಎತೇರಿ, ಒಂದು ಕಾಲಕ್ಕೆ ಲೆಕ್ಕದ ಟೀಚರು:
"ಒಂಬತ್ತಕ್ಕೆ ಶುರುವಂತೆ.
ಒಂಬತ್ತಕ್ಕೆ ನನ್ನ ಮುದುಕನಿಗೆ ಇನ್ಸುಲಿನ್.
ಇವಳ ಮುದುಕಿ ಕತ್ತಲಾದರೆ ಬೀದಿಗಿಳಿಯುತ್ತಾಳೆ.
ಗುರುವಾರದ ಮಧ್ಯಾಹ್ನ ನಮ್ಮದು, ಎಂಟೂವರೆಯ ತನಕ."
ಸಭಾಂಗಣದ ಯಜಮಾನ ಎರಡೂ ಕೈ ಎತ್ತಿದ: ಸಾಧ್ಯವಿಲ್ಲ,
ದೀಪದ ಹುಡುಗ ಇನ್ನೂ ಹಾಸಿಗೆ ಬಿಟ್ಟಿಲ್ಲ.
ತೇಕ್ಲೆ ತಾನೇ ಹೋಗಿ ಅಗಳಿ ಸರಿಸಿದಳು.

ಟ್ಯೂಬ್‌ಲೈಟಿನ ಬೆಳಕು, ಅರ್ಧ ಜೋಡಿಸಿದ ಡ್ರಮ್ಮು.
ಮೊದಲಿಗೇ ಆ ಹಾಡು. ಅರ್ಥ ಹೇಳಲಿಲ್ಲ.
ಎರಡನೇ ಸಾಲಿಗೆ ಅವಳ ದನಿ ನನಗೆ ಕೇಳಿಸಲಿಲ್ಲ,
ಮೂರನೆಯದಕ್ಕೆ ನನ್ನ ತಂತಿಯೂ.
ಹನ್ನೊಂದು ಮಹಡಿಯನ್ನೂ ಅವರೇ ಹತ್ತಿದರು,
ಮೊಣಕಾಲು ಹಿಡಿದುಕೊಂಡು, ನಡುನಡುವೆ ನಿಂತು.
ತಾಳ ಹಿಂದೆ ಬಿದ್ದಲ್ಲಿ ನಾವು ಕಾದೆವು.

ಹೊರಡುವಾಗ ಎತೇರಿ ಪರ್ಸಿನ ಒಳಪದರದಿಂದ
ಒಂದು ಕಾಸು ತೆಗೆದಳು. ಹತ್ತು ತೇತ್ರಿ.
"ಹನ್ನೆರಡು ವರ್ಷದಿಂದ ಇಟ್ಟಿದ್ದೇನೆ.
ವಾಪಸು ಹೋದ ದಿನ ಲಿಫ್ಟಿಗೆ ಬೇಕಲ್ಲ ಅಂತ.
ಈಗ ಎಲ್ಲ ಕಡೆ ಕಾರ್ಡಂತೆ, ಮೊಮ್ಮಗಳು ಹೇಳಿದಳು.
ಹೌದೇ?"

ನಮ್ಮ ಕಟ್ಟಡಕ್ಕೆ ಕಾರ್ಡು ಬಂದು ಮೂರು ವರ್ಷ.
ತೇಕ್ಲೆಯದು ನನ್ನ ಜೇಬಿನಲ್ಲೇ ಇದೆ, ಅವಳು ಕಳೆಯುತ್ತಾಳೆಂದು.
"ನಮ್ಮಲ್ಲಿನ್ನೂ ಕಾಸೇ," ಎಂದಳು ತೇಕ್ಲೆ,
"ಜೋಪಾನವಾಗಿಡಿ."

ಎಂಟು ಇಪ್ಪತ್ತಕ್ಕೆ ಶಾಲೆ ಬಿಟ್ಟಂತೆ ಎಲ್ಲರೂ ಹೊರಗೆ,
ಬಸ್ಸಿನ ಕಡೆಗೆ, ಓಡದೆ ಓಡುತ್ತ.
ನೆಲದ ಮೇಲೆ ರೊಟ್ಟಿಯ ಚೂರು.
ಒಂಬತ್ತಕ್ಕೆ ಟಿಕೆಟ್ಟಿನವರು ಬಂದರು, ಬಣ್ಣದ ದೀಪ ಬಂತು.
"ಇದೊಂದು ಲಿಫ್ಟಿನ ಹಾಡು" ಎಂದಳು, ಅಷ್ಟೇ.
ಮೆಟ್ಟಿಲಿನ ಸಾಲು ಬಂದಾಗ
ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.
ನಾನು ಅದೇ ಸ್ವರ ಮತ್ತೆ ಮತ್ತೆ ಮೀಟುತ್ತ ಹೋದೆ,
ಮಹಡಿ ಬರುವ ತನಕ.