ಗುಲಾಬಿ ತಂತಿ

ಜಾರೆನ್ ಸ್ಪಿತೇರಿಗೆ ಕೆಂಪೂ ಹಸಿರೂ ಒಂದೇ,
ಹುಟ್ಟಿದಾಗಿನಿಂದ.
ಜಿಲಾಂಗಿನ ಫೋರ್ಡ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಇದನ್ನು ಯಾರಿಗೂ ಹೇಳಲಿಲ್ಲವಂತೆ.
ಎಂಜಿನ್ನಿಗೆ ಬಣ್ಣವೆಲ್ಲಿದೆ ವರೀ,
ಸದ್ದು, ಬಿಸಿ, ಬಿಗಿ, ಅಷ್ಟೇ.

ವರಿ ಅಂದರೆ ನಾನು, ವಾರಿಜ.
ಅವನ ನಾಲಗೆಗೆ ಪೂರ್ತಿ ಹೆಸರು ಹತ್ತದೆ
ಚಿಂತೆ ಎಂದೇ ಕರೆಯುತ್ತಾನೆ, ಬೇಲಿಯಾಚೆಯಿಂದ.

ತನಗಿಂತ ಹತ್ತೊಂಬತ್ತು ವರ್ಷ ಕಿರಿಯಳಾದ ಫಾಲ್ಕನ್ನಿಗೆ
ಫ್ಯುಯೆಲ್ ಇಂಜೆಕ್ಷನ್ ಕಿಟ್ಟು ತರಿಸಿದ್ದ.
ಪೆಟ್ಟಿಗೆ ಬಿಚ್ಚಿದರೆ ಒಳಗೆ
ಕರುಳಿನ ಹಾಗೆ ಸುತ್ತಿಕೊಂಡ ತಂತಿಗಳ ಕಂತೆ.
"ಬಾ, ನಿನ್ನ ಕಣ್ಣು ಎರಡು ವಾರ ಸಾಲ ಕೊಡು."

ಕಾರಿನ ಬಗ್ಗೆ ನನಗೇನು ಗೊತ್ತು?
ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಕೊಳವೆ ವಿಂಗಡಿಸುವವಳು.
ನೇರಳೆ ಮುಚ್ಚಳ, ಹಳದಿ ಮುಚ್ಚಳ, ತಿಳಿನೀಲಿ;
ಒಂದರ ಜಾಗಕ್ಕೆ ಇನ್ನೊಂದು ಬಂದರೆ
ಯಾರದೋ ಮನೆಯಲ್ಲಿ ರಾತ್ರಿ ನಿದ್ದೆ ಇರುವುದಿಲ್ಲ.
ಅಷ್ಟು ಬಲ್ಲೆ.

ಜುಲೈ ಚಳಿ. ಕಿಟಕಿಯಾಚೆ ರಿಫೈನರಿಯ ಚಿಮಣಿ ಮೇಲೆ
ಯಾರೂ ಎಣ್ಣೆ ಹೊಯ್ಯದ ನಂದಾದೀಪ.
ನಾನು ಓದಿದೆ, ಅವನು ಎಳೆದ.
ದಪ್ಪ ಕೆಂಪು, ನೇರ ಬ್ಯಾಟರಿಗೆ, ದಾರಿಯಲ್ಲೆಲ್ಲೂ ನಿಲ್ಲಬಾರದು.
ದಪ್ಪ ಕಪ್ಪು, ಅದೂ ಬ್ಯಾಟರಿಗೇ,
ಹಳೆಯ ತಗಡಿನ ನೆಲವನ್ನು ನಂಬಬೇಡಿ ಅನ್ನುತ್ತದೆ ಪುಸ್ತಕ.
ಕಿತ್ತಳೆ ಹಿಂದಕ್ಕೆ, ಟ್ಯಾಂಕಿನೊಳಗಿನ ಪಂಪಿಗೆ,
ಕಾಯಿಲಿನ ಹತ್ತಿರ ಸುಳಿಯದಂತೆ, ಅಲ್ಲಿ ಗದ್ದಲ ಜಾಸ್ತಿ.
ಗುಲಾಬಿ, ಕೀಲಿ ತಿರುಗಿದಾಗ ಎಚ್ಚರಾಗತಕ್ಕದ್ದು.

ಒಂದೊಂದು ತುದಿಗೂ ಅವನು ದಾರ ಸುತ್ತಿ ಗಂಟು ಹಾಕಿದ,
ಒಂದು ಗಂಟು, ಎರಡು, ಮೂರು.
ಮಾಲ್ಟಾದಲ್ಲಿ ಅಜ್ಜ ಬಲೆಗೆ ಹಾಕುತ್ತಿದ್ದ ಗಂಟಂತೆ,
ಒದ್ದೆಯಾದಷ್ಟೂ ಬಿಗಿ.
ಪ್ರತಿ ಜೋಡಣೆಯನ್ನೂ ಜಗ್ಗಿ ನೋಡಿದ
ಮೊಮ್ಮಗುವಿನ ಅಲ್ಲಾಡುವ ಹಲ್ಲು ಜಗ್ಗುವ ಹಾಗೆ.

ಹಳೆಯ ಕಾರ್ಬ್ಯುರೇಟರು ಬಿಸ್ಕತ್ತಿನ ಡಬ್ಬಿಯಲ್ಲಿ,
ಫ್ಲಾನೆಲ್ ಹೊದ್ದು. "ಸತ್ತಿಲ್ಲ, ರಿಟೈರ್ಡು."

ಭಾನುವಾರ ಕೀಲಿ ತಿರುಗಿಸಿದ.
ಹಿಂದುಗಡೆ ಪಂಪು ಎರಡು ಸೆಕೆಂಡು ಗುಂಯ್ ಅಂದು ಸುಮ್ಮನಾಯಿತು,
ಹಾಗೇ ಆಗಬೇಕು.
ಮುಂದೆ ತಿರುಗಿಸಿದ. ಗರ್, ಗರ್, ಗರ್.
ಬೆಂಕಿ ಹತ್ತಲಿಲ್ಲ.
ಮತ್ತೊಂದು ಭಾನುವಾರ. ಮಗದೊಂದು.
ಪ್ಲಗ್ ಬದಲಾಯಿತು, ಬ್ಯಾಟರಿ ಬದಲಾಯಿತು,
ನಾನು ತಂದ ಚಿತ್ರಾನ್ನ ಬಾನೆಟ್ಟಿನ ಮೇಲೆ ತಣ್ಣಗಾಯಿತು.
ಅವನು ಡಬ್ಬಿಯ ಕಡೆ ನೋಡತೊಡಗಿದ.

ಪಕ್ಕದ ಸೀಟಿನಲ್ಲಿ ಪುಟ್ಟ ಪರದೆ ಹಿಡಿದು ಕೂತವಳು ನಾನು.
"ಜಾರೆನ್, ಸ್ಟಾರ್ಟರ್ ಗರಗರ ಅನ್ನುವಾಗ ಇದು ಕಪ್ಪಾಗುತ್ತೆ.
ನೀನು ಕೈ ಬಿಟ್ಟೊಡನೆ ಕಣ್ಣು ಬಿಡುತ್ತೆ."
ಅವನು ಅಲ್ಲಾಡಲಿಲ್ಲ.
ಆಮೇಲೆ ಸ್ಟಿಯರಿಂಗಿಗೆ ಹಣೆ ಹಚ್ಚಿ ನಕ್ಕ.
"ರೇಡಿಯೋ! ಗುಲಾಬಿ ರೇಡಿಯೋ ತಂತಿಯಲ್ಲಿದೆ.
ಸ್ಟಾರ್ಟ್ ಮಾಡುವಾಗೆಲ್ಲ ಹಾಡು ನಿಲ್ಲುತ್ತಿತ್ತು,
ನಲವತ್ತು ವರ್ಷ ಕೇಳಿದ್ದೇನೆ ಈ ಕಿವಿಯಲ್ಲಿ."

ಹುಟ್ಟುವ ಗಳಿಗೆಗೆ ಸೂಲಗಿತ್ತಿ ನಿದ್ದೆಹೋದ ಹಾಗೆ.

ಡ್ಯಾಶಿನ ಕೆಳಗೆ ತಲೆ ಹಾಕಿ ಟಾರ್ಚು ಬಿಟ್ಟೆ.
ಐದು ದಶಕದ ಬಿಸಿಲಿಗೆ, ಧೂಳಿಗೆ
ಎಲ್ಲ ತಂತಿಯೂ ಒಂದೇ ಕಂದು.
ಇದೇ ಕೆಂಪು ಅಂದವಳು ನಾನೇ, ಮೂರು ವಾರದ ಹಿಂದೆ,
ಅನುಮಾನವೇ ಇಲ್ಲದ ದನಿಯಲ್ಲಿ.
ಹೇಳಿದೆ.
"ನೋ ವರೀಸ್," ಅಂದ.
ಈ ಊರಿನಲ್ಲಿ ಎಲ್ಲರೂ ಎಲ್ಲದಕ್ಕೂ ಅನ್ನುವ ಮಾತು.

ಗುಲಾಬಿಯನ್ನು ಸರಿಯಾದ ಕಡೆ ಕೂಡಿಸಿ
ಕೀಲಿ ಮುಟ್ಟಿದ್ದೇ ತಡ, ಹಿಡಿಯಿತು.
ಕೆಮ್ಮಿಲ್ಲ, ಸಿಡುಕಿಲ್ಲ. ಅವನಿಗೆ ಸ್ವಲ್ಪ ಬೇಸರವೇ:
"ತೀರಾ ಮರ್ಯಾದಸ್ಥೆ ಆಗಿಬಿಟ್ಟಳು."

ಹಿಂದಕ್ಕೆ ಹೋಗಿ ಸೈಲೆನ್ಸರಿನ ಬಳಿ ಬಗ್ಗಿ ನಿಂತ.
"ಹೊಗೆ ಯಾವ ಬಣ್ಣ?"
ಬಿಳಿ, ಅಂದೆ, ಬರೀ ಚಳಿಯ ಹಬೆ.
ಇನ್ನೊಮ್ಮೆ ನೋಡಿದ, ಅಂಗೈ ಒಡ್ಡಿ.
"ಹೌದು," ಅಂದ,
"ನನಗೂ ಬಿಳಿಯೇ."